ಟಾಸ್ ಹಾಕುತ್ತಿದ್ದ ಟ್ಯಾಂಕ್

ಲ್ಯಾಬ್ ರೆಕಾರ್ಡ್ ಕಂಡರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಪುಸ್ತಕದ ಒಂದು ಕಡೆ ಪ್ರೋಗ್ರಾಮ್, ಇನ್ನೊಂದು ಕಡೆ ಅದರ ಫಲಿತಾಂಶ. ಬರೆದದ್ದೇ ಸ್ಕ್ರೀನಿನ ಮೇಲೂ ಬರಬೇಕು, ಬಂದರೆ ಸಹಿ. ಭದ್ರಾವತಿಯ ನಮ್ಮ ಡಿಪ್ಲೊಮಾ ಕಾಲೇಜಿನಲ್ಲಿ ಇದಕ್ಕಿಂತ ದೊಡ್ಡ ಸತ್ಯ ಇರಲಿಲ್ಲ.

ನನ್ನ ಕೊನೆಯ ವರ್ಷದಲ್ಲಿ ಶಿವಮೊಗ್ಗದ ಕಾಲೇಜೊಂದು ಸ್ಕ್ರೀನಿನ ಮೇಲೆ ಕಂಪ್ಯೂಟರ್ ಟ್ಯಾಂಕುಗಳ ಕಾಳಗದ ಸ್ಪರ್ಧೆ ಇಟ್ಟಿತ್ತು. ನಾವು ಪ್ರೋಗ್ರಾಮ್ ಬರೆದು ಬಿಡಬೇಕು. ಆಮೇಲೆ ಟ್ಯಾಂಕ್ ತಾನೇ ಓಡಬೇಕು, ತಾನೇ ಹೊಡೆಯಬೇಕು. ನಮ್ಮ ಕಾಲೇಜಿನಿಂದ ಹೆಸರು ಕೊಟ್ಟವಳು ನಾನೊಬ್ಬಳೇ. ಇನ್ನೊಂದು ಅವಕಾಶ ಸಿಗುವಂತಿರಲಿಲ್ಲ.

ನನ್ನ ಮೊದಲ ಟ್ಯಾಂಕ್ ನೆಟ್ಟಗೆ ಓಡುತ್ತಿತ್ತು. ಎದುರಾಳಿ ಅದರ ವೇಗ ನೋಡಿ ಸ್ವಲ್ಪ ಮುಂದಕ್ಕೆ ಗುರಿಯಿಟ್ಟರೆ ಕಥೆ ಮುಗಿಯಿತು. ವಾರವಿಡೀ ತಲೆ ಕೆಡಿಸಿಕೊಂಡ ಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು. ಗುಂಡು ಹಾರಿಸಿದ ಟ್ಯಾಂಕಿನ ಶಕ್ತಿ ಆ ಕ್ಷಣಕ್ಕೆ ಚೂರು ಇಳಿಯುತ್ತದೆ. ಗುಂಡು ಕಾಣದಿದ್ದರೂ ಅದು ಹೊರಟಿದ್ದು ಹಾಗೆ ಗೊತ್ತಾಗುತ್ತದೆ. ಎದುರಾಳಿಯ ಶಕ್ತಿ ಇಳಿದ ಕೂಡಲೇ ನನ್ನ ಟ್ಯಾಂಕ್ ಒಳಗೊಳಗೇ ಟಾಸ್ ಹಾಕುವಂತೆ ಬರೆದೆ: ಒಂದು ಮುಖ ಬಿದ್ದರೆ ಹಾಗೇ ಮುಂದಕ್ಕೆ, ಇನ್ನೊಂದು ಬಿದ್ದರೆ ತಟ್ಟನೆ ಹಿಂದಕ್ಕೆ. ಅದು ಎಲ್ಲಿಗೆ ಹೋಗುತ್ತದೆಂದು ನನಗೇ ಗೊತ್ತಿಲ್ಲ, ಎದುರಾಳಿಗೆ ಹೇಗೆ ಗೊತ್ತಾಗಬೇಕು? ಸ್ಪರ್ಧೆಯವರು ಅಭ್ಯಾಸಕ್ಕೆ ಕೊಟ್ಟಿದ್ದ ಟ್ಯಾಂಕಿನ ಗುಂಡುಗಳು ಖಾಲಿ ಜಾಗಕ್ಕೆ ಬೀಳತೊಡಗಿದವು. ಆವತ್ತು ಲ್ಯಾಬಿನಲ್ಲಿ ಒಬ್ಬಳೇ ಕುಣಿದಿದ್ದೆ.

ಲ್ಯಾಬ್ ನೋಡಿಕೊಳ್ಳುತ್ತಿದ್ದ ಸರ್‌ಗೆ ಎರಡು ಸಲ ಓಡಿಸಿ ತೋರಿಸಿದೆ. ಎರಡು ಸಲವೂ ಗೆದ್ದೆ, ಆದರೆ ಅಂಕ ಬೇರೆ ಬೇರೆ.

"ಇದೇನು, ಒಂದೊಂದು ಸಲ ಒಂದೊಂದು ಥರ ಬರುತ್ತೆ?"

"ಹಾಗೇ ಬರ್ಬೇಕು ಸರ್. ಅದಕ್ಕೇ ಏಟು ತಪ್ಪೋದು."

"ರೆಕಾರ್ಡ್‌ನಲ್ಲಿ ಯಾವ್ದು ಬರೀತೀಯ ಮಾರಾಯ್ತಿ? ಆ ಟಾಸ್ ತೆಗಿ. ಯಾವಾಗ್ಲೂ ಒಂದೇ ಬಂದ್ರೆ ಸೈನ್ ಹಾಕ್ತೀನಿ."

ಸಹಿ ಇಲ್ಲದೆ ಶಿವಮೊಗ್ಗಕ್ಕೆ ಕಳಿಸುವುದಿಲ್ಲ. ತೆಗೆದೆ. ಈಗ ಗುಂಡು ಹೊರಟ ಕೂಡಲೇ ನಿಂತಲ್ಲಿಂದ ಹತ್ತು ಹೆಜ್ಜೆ ಮುಂದೆ, ಮತ್ತೆ ಹತ್ತು ಹೆಜ್ಜೆ ಹಿಂದೆ, ಅಷ್ಟೇ. ಸರ್ ಖುಷಿಯಿಂದ ಸಹಿ ಹಾಕಿದರು. ಜಗಳವಾಡಲು ನನಗೂ ಬಾಯಿತ್ತು, ಆಡಲಿಲ್ಲ. ಆ ಸಿಟ್ಟು ನನ್ನ ಮೇಲೆಯೇ ಇದೆ.

ಶಿವಮೊಗ್ಗದಲ್ಲಿ ಮೊದಲ ಸುತ್ತಿಗೇ ಸಿಕ್ಕಿದ್ದು ತೀರಾ ಪೆದ್ದು ಟ್ಯಾಂಕ್. ಲೆಕ್ಕವಿಲ್ಲ, ಊಹೆಯಿಲ್ಲ, ಎದುರಾಳಿ ಈಗ ಎಲ್ಲಿದೆಯೋ ಅಲ್ಲಿಗೇ ಹೊಡೆಯುವುದು. ಗುಂಡು ಹೊರಟಿತು. ನನ್ನ ಟ್ಯಾಂಕ್ ಮುಂದೆ ಹೋಯಿತು. ಗುಂಡು ಬಂದು ತಲುಪುವಷ್ಟರಲ್ಲಿ ಶಿಸ್ತಾಗಿ ವಾಪಸ್ ಅದೇ ಜಾಗಕ್ಕೆ ಬಂದು ನಿಂತಿತು. ಪ್ರತಿ ಸಲವೂ! ಮೊದಲ ಸುತ್ತಿನಲ್ಲೇ ಸೋತು ಹೊರಬಿದ್ದೆ. ಆ ಪೆದ್ದು ಟ್ಯಾಂಕ್ ಬರೆದ ಹುಡುಗಿ ನನ್ನ ಮುಖ ನೋಡಿ, "ನಿಮ್ದು ಗುಂಡಿಗೆ ಕಾಯ್ಕೊಂಡು ನಿಂತಂಗಿತ್ತು ಕಣ್ರೀ" ಎಂದಳು. ಅವಳ ಮೇಲೆ ಸಿಟ್ಟು ಬರಲಿಲ್ಲ, ಅವಳು ಹೇಳಿದ್ದು ನಿಜ.

ವಾಪಸ್ ಬಸ್ಸಿನಲ್ಲಿ ಮಲವಗೊಪ್ಪ ದಾಟುವವರೆಗೂ ಜೊತೆಗೆ ಬಂದಿದ್ದ ಸರ್ ಸಮಾಧಾನ ಹೇಳಿದರು. "ಪ್ರೋಗ್ರಾಮ್ ಏನೂ ತಪ್ಪಿಲ್ಲ, ರೆಕಾರ್ಡ್‌ನಲ್ಲಿದ್ದ ಹಾಗೇ ಓಡ್ತು." ಸಮಾಧಾನವಂತೆ!

ಮರುದಿನ ಬೆಳಿಗ್ಗೆ ಟಾಸ್ ಮತ್ತೆ ಸೇರಿಸಿದೆ, ಅಂಥದ್ದೇ ಒಂದು ಪೆದ್ದು ಟ್ಯಾಂಕ್ ಬರೆದು ಎದುರಿಗೆ ಬಿಟ್ಟೆ, ಸರ್ ಅವರನ್ನು ಕರೆದು ಕೂರಿಸಿದೆ. ಸುತ್ತಿನ ಮೇಲೆ ಸುತ್ತು ನಾನೇ ಗೆದ್ದೆ. ಅವರು ಕೊನೆಯವರೆಗೂ ಬಗ್ಗಿ ನೋಡಿ ನನ್ನ ಕಡೆ ತಿರುಗಿದರು.

"ಭಾಳ ಚೆನ್ನಾಗಿದೆಯಲ್ಲ. ನಿನ್ನೆ ಇದನ್ನೇ ಯಾಕೆ ಹಾಕ್ಲಿಲ್ಲ?"

ತಮಾಷೆಗೆ ಕೇಳಿದ್ದಲ್ಲ. ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ.