ಅಜ್ಜಿ ಕೈ ಎತ್ತಿದ ಫೋಟೊ

ಇವತ್ತು ಏಕಾದಶಿ, ಉಪವಾಸ. ಅಂಗಳ ಸಾರಿಸಿ, ದೇವರ ಜಗಲಿ ಒರೆಸುವಾಗ ಅಜ್ಜಿಯ ಫೋಟೊ ಕೈಗೆ ಬಂತು. ನೋಡಿದರೆ ಈಗಲೂ ಎದೆ ಕುಣಿಯುತ್ತದೆ!

ನಾನು ಚಿಕ್ಕವಳಿದ್ದ ಆಗಲೂ ಇವತ್ತಿನ ಹಾಗೇ ಪ್ರತ್ಯೇಕ ತೆಲಂಗಾಣದ ಗಲಾಟೆ, ಬಂದ್. ಅವ್ವನ ತಮ್ಮ, ನನ್ನ ಮಾಮಾ, ಬಸ್ಸಿಲ್ಲದೆ ಬಶೀರಾಬಾದಿನ ಅಜ್ಜಿಮನೆಯಲ್ಲೇ ಉಳಿದಿದ್ದ. ಕೊರಳಲ್ಲಿ ಮೇಲೊಂದು ಕೆಳಗೊಂದು ಲೆನ್ಸಿನ, ಎರಡು ಕಣ್ಣಿನ ಕ್ಯಾಮೆರಾ. ಚಳಿಗಾಲದ ಮಂಜು, ಜೋಳದ ಹೊಲ ಎಂದು ರೀಲೆಲ್ಲ ಮುಗಿಸಿದ್ದ. ಒಂದೇ ಫೋಟೊ ಉಳಿದಿತ್ತು. ಹೊಸ ರೀಲು ತರಲು ಅಂಗಡಿಯೂ ಇಲ್ಲ.

"ಅಜ್ಜೀದು ತೆಗಿ ಮಾಮಾ!" ಎಂದು ಅಂಗಿ ಜಗ್ಗಿದೆ.

ಮಂಜಿನಲ್ಲಿ ಬೆಂಕಿ ಕಾಸಿಕೊಳ್ಳುತ್ತಿದ್ದ ಅಜ್ಜಿ ಮುಖ ತಿರುಗಿಸಿದಳು. "ಹಡೆದ ತಾಯಿಗಿ ಒಂದಿನಾನೂ ತಲಿ ಬಗ್ಗಿಸಿಲ್ಲ, ಫೋಟೊ ತೆಗ್ಯಾಕ ಬಂದಾನ!"

ಆ ಕ್ಯಾಮೆರಾದೊಳಗೆ ಮೇಲಿನಿಂದ ಬಗ್ಗಿ ನೋಡಬೇಕು. ಮಾಮಾ ಅವಳೆದುರು ನಿಂತು ತಲೆ ಬಗ್ಗಿಸಿದ. ಅಜ್ಜಿ ಓರೆಗಣ್ಣಿನಲ್ಲಿ ನೋಡಿದವಳೇ ಗಕ್ಕನೆ ತಿರುಗಿ ಕೈ ಎತ್ತಿದಳು.

"ನೂರು ವರ್ಷ ಬಾಳಪಾ, ನನ್ನ ಕೂಸ!"

ಕ್ಲಿಕ್! ನಾನು ನಗು ತಡೆಯಲು ಬಾಯಿ ಮುಚ್ಚಿಕೊಂಡು ಕುಣಿದೆ. ಆದರೆ ಮಾಮಾ ಬಗ್ಗಿಸಿದ ತಲೆ ಎತ್ತಲೇ ಇಲ್ಲ, ಬಹಳ ಹೊತ್ತು.

ಈಗ ಮಾಮಾ ಜಹೀರಾಬಾದಿನಲ್ಲಿದ್ದಾನೆ, ಕಣ್ಣು ಮಂಜಾಗಿದೆ. ಇವತ್ತೂ ಬಸ್ಸಿಲ್ಲ. ಅಲ್ಲಿಯವರು ಯಾರಾದರೂ ಇದನ್ನು ಅವನಿಗೆ ಓದಿ ಹೇಳಿರಿ. ಫೋಟೊ ತೆಗೆದಾದ ಮೇಲೂ ಯಾಕೆ ಬಗ್ಗಿಕೊಂಡೇ ನಿಂತಿದ್ದ ಎಂದು ಕೇಳಿ, ಉತ್ತರ ತಂದುಕೊಡಿರಿ.