ಅತ್ತಿಗೆಯ ಏಳನೇ ವಾಕ್ಯ

ಇದು ನಡೆದದ್ದು 2022ರ ಬೇಸಿಗೆಯಲ್ಲಿ. 2023 ಇದ್ದರೂ ಇರಬಹುದು. ಅಮ್ಮನ ಎಡಗಣ್ಣಿನ ಪೊರೆ ತೆಗೆಸಿದ ವರ್ಷ ಎಂಬುದಷ್ಟೇ ಖಚಿತ. ಯಾಕೆಂದರೆ ಆ ದಿನ ಅಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು. ಉಳಿದ ಕೆಲವು ವಿವರಗಳಲ್ಲಿ ನಾನು ತಪ್ಪಿರಬಹುದು. ದಿನಚರಿ ಬರೆಯುವ ಅಭ್ಯಾಸ ನನಗಿದೆ, ಆದರೆ ವಾರ ಬರೆಯುತ್ತೇನೆ, ಇಸವಿ ಬರೆಯುವುದಿಲ್ಲ. ಹುಡುಕಿ ನೋಡಿದೆ. ಆ ಭಾನುವಾರದ ಪುಟದಲ್ಲಿ ಇರುವುದು ಎರಡೇ ಸಾಲು: ‘ಆವಕಾಯಿ ಹಾಕಿದೆವು. ಎಲ್ಲರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.’

ನಮ್ಮ ಮನೆ ಬೈರಕೂರಿನಲ್ಲಿ. ನಾನು ಇಂಗ್ಲಿಷ್ ಎಂ.ಎ. ಮುಗಿಸಿ ಕೋಲಾರದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ಅಲ್ಲೇ ರೂಮು ಮಾಡಿಕೊಂಡಿದ್ದೆ, ಶನಿವಾರ ಸಂಜೆ ಮುಳಬಾಗಿಲಿನ ಮೇಲೆ ಬಸ್ಸು ಹಿಡಿದು ಮನೆಗೆ ಬರುತ್ತಿದ್ದೆ. ಮನೆಯಲ್ಲಿ ಅಮ್ಮ, ಅಣ್ಣ, ಮಂಜುಳ ಅತ್ತಿಗೆ.

ಅತ್ತಿಗೆ ನಮ್ಮೂರ ಅಂಗನವಾಡಿ ಟೀಚರ್. ಪಿಯುಸಿ ಮುಗಿಯುತ್ತಿದ್ದ ಹಾಗೇ ಸುಗಟೂರಿನಿಂದ ನಮ್ಮ ಮನೆಗೆ ಸೊಸೆಯಾಗಿ ಬಂದವರು. ಡಿಗ್ರಿ ಇದ್ದರೆ ಸೂಪರ್‌ವೈಸರ್ ಹುದ್ದೆಗೆ ಅರ್ಜಿ ಹಾಕಬಹುದು ಎಂದು ಯಾರೋ ಹೇಳಿದ ಮೇಲೆ ಮನೆಯಲ್ಲೇ ಓದಿ ಬಿ.ಎ. ಪರೀಕ್ಷೆ ಕಟ್ಟಿದ್ದರು. ಎಲ್ಲ ವಿಷಯವೂ ಪಾಸಾಗಿ ಇಂಗ್ಲಿಷ್ ಒಂದು ಉಳಿದಿತ್ತು. ಎರಡು ಸಲ ಹೋಗಿತ್ತು. ಇನ್ನೊಂದೇ ಅವಕಾಶ. ಅದೂ ಹೋದರೆ ಹೆಸರು ನೋಂದಾಯಿಸುವುದರಿಂದ ಹಿಡಿದು ಎಲ್ಲ ಮೊದಲಿನಿಂದ ಶುರು ಮಾಡಬೇಕಿತ್ತು.

“ಸುಧಾ, ಆ ‘ಇಫ್’ ಒಂದು ತಲೆಗೆ ಹತ್ತಿಸಿಬಿಡು ಕಣೇ. ಪ್ರತಿ ಸಲ ಅದರಲ್ಲೇ ಮುಗ್ಗರಿಸ್ತೀನಿ” ಎಂದರು ಒಂದು ಭಾನುವಾರ.

ನಾನು ಪುಸ್ತಕದಲ್ಲಿದ್ದ ಹಾಗೆ ಶುರು ಮಾಡಿದೆ. ನಾನು ಹಕ್ಕಿಯಾಗಿದ್ದರೆ, ನಾನು ರಾಜನಾಗಿದ್ದರೆ. ಅತ್ತಿಗೆ ಬರೆದುಕೊಂಡರು, ಆದರೆ ಮುಖದಲ್ಲಿ ಏನೂ ಇಳಿದ ಹಾಗೆ ಕಾಣಲಿಲ್ಲ. ಆಗ ಹೇಳಿದೆ: “ಹಕ್ಕಿ, ರಾಜ ಎಲ್ಲ ಬಿಡಿ ಅತ್ತಿಗೆ. ನಿಮ್ಮ ದಿನದಲ್ಲಿ ನಡೆಯೋದನ್ನೇ ಬರೀರಿ. ನಿಜವಾದದ್ದು. ಮನಸ್ಸಿಗೆ ಬಂದಿದ್ದು ಬರೆದರೆ ವ್ಯಾಕರಣ ತಾನಾಗಿ ಕೈಗೆ ಬರುತ್ತೆ.”

“ನಿಜವಾದದ್ದು ಬರೆದರೆ ಮನೇಲಿ ಜಗಳ ಆಗುತ್ತೆ.”

“ನಾನೊಬ್ಬಳೇ ನೋಡೋದು. ಆಣೆ.”

ಅತ್ತಿಗೆ ಆಗ ಒಂದು ಮಾತು ಹೇಳಿದರು. ಅದು ಮಾತ್ರ ನನಗೆ ಚೆನ್ನಾಗಿ ನೆನಪಿದೆ. ನಮ್ಮ ಮನೆಯಲ್ಲಿ ಆಡುವುದು ತೆಲುಗು. ಅತ್ತಿಗೆಯ ತವರಿನಲ್ಲಿ ಬರೀ ಕನ್ನಡ. “ನಾನು ಈ ಮನೆಗೆ ಬಂದು ತೆಲುಗು ಕಲಿಯೋವಾಗ ಇಡೀ ಮನೆ ನಕ್ತು. ನೀನೂ ನಕ್ಕಿದ್ದೆ, ಚಿಕ್ಕವಳು. ಈಗ ಇಂಗ್ಲಿಷ್ ಕಲಿಯೋವಾಗ ನೀನೊಬ್ಬಳೇ ನಗು ಕಣೇ, ಸಾಕು.”

ಮುಂದಿನ ಒಂದು ತಿಂಗಳು ಪ್ರತಿ ಭಾನುವಾರ ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಅರ್ಧ ಗಂಟೆ ಕೂರುತ್ತಿದ್ದೆವು. ಒಂದು ದಿನ ನಾನು ಮೂರು ಬಗೆಯ ‘ಇಫ್’ ವಾಕ್ಯಗಳನ್ನು ವಿವರಿಸಿ ವಿವರಿಸಿ ಸುಸ್ತಾಗಿ ಕೂತಾಗ ಅತ್ತಿಗೆ ತಟ್ಟನೆ ಹೇಳಿದರು: “ಇರು, ಇರು. ಮೊದಲನೇದು ಹಾಲು ಒಲೆ ಮೇಲಿರೋವಾಗ ಹೇಳೋ ಮಾತು. ಉಕ್ಕಿದರೆ ಆರಿಸ್ತೀನಿ ಅಂತ. ಎರಡನೇದು ಮನೇಲಿ ಹಾಲೇ ಇಲ್ಲದಾಗ. ಒಂದು ಹಸು ಇದ್ದಿದ್ದರೆ ಪಾಯಸ ಮಾಡ್ತಿದ್ದೆ ಅಂತ ಸುಮ್ಮನೆ ಕೂತು ಅಂದುಕೊಳ್ಳೋದು. ಮೂರನೇದು ಹಾಲು ಉಕ್ಕಿ ಒಲೆ ಎಲ್ಲಾ ಆದ ಮೇಲೆ. ಅಲ್ಲೇ ನಿಂತಿದ್ದಿದ್ದರೆ ಹೀಗಾಗ್ತಿರಲಿಲ್ಲ ಅಂತ. ಅಷ್ಟೇ ತಾನೇ?”

ಅಷ್ಟೇ ಆಗಿತ್ತು. ಎಂ.ಎ.ಯಲ್ಲಿ ನನಗೆ ಯಾರೂ ಅಷ್ಟು ಚೆನ್ನಾಗಿ ಹೇಳಿಕೊಟ್ಟಿರಲಿಲ್ಲ. ಒಂದು ಮಾತನ್ನು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ಆ ಹಾಲಿನ ಉದಾಹರಣೆಯನ್ನು ನಾನು ಇವತ್ತಿಗೂ ತರಗತಿಯಲ್ಲಿ ಹೇಳುತ್ತೇನೆ. ಮಕ್ಕಳಿಗೆ ಥಟ್ಟನೆ ಅರ್ಥವಾಗುತ್ತದೆ. “ನಮ್ಮ ಅತ್ತಿಗೆ ಹೇಳಿದ್ದು” ಎಂದು ಒಂದು ಸಲವೂ ಹೇಳಿಲ್ಲ.

ಆಮೇಲೆ ಆ ಭಾನುವಾರ ಬಂತು. ಪ್ರತಿ ವರ್ಷ ಕಾಯಿ ಬಲಿತ ಕೂಡಲೇ ನಮ್ಮ ಮನೆಯಲ್ಲಿ ಎಲ್ಲರೂ ಸೇರಿ ಆವಕಾಯಿ ಉಪ್ಪಿನಕಾಯಿ ಹಾಕುವುದು ರೂಢಿ. ಶ್ರೀನಿವಾಸಪುರದಿಂದ ಚಿಕ್ಕಮ್ಮ, ಮಾಲೂರಿನಿಂದ ಅವರ ಮಗಳು ರೇಖಾ ಬಂದಿದ್ದರು. ಒಬ್ಬರು ಓಟೆಸಮೇತ ಕಾಯಿ ಕತ್ತರಿಸಬೇಕು, ಒಬ್ಬರು ಹೋಳುಗಳನ್ನು ಒಣಬಟ್ಟೆಯಲ್ಲಿ ಒರೆಸಬೇಕು, ಒಬ್ಬರು ಸಾಸಿವೆ ಪುಡಿ, ಖಾರದ ಪುಡಿ, ಉಪ್ಪು, ಎಣ್ಣೆ ಹಾಕಿ ಕಲಸಬೇಕು. ಕಲಸುವವರು ಮಾತ್ರ ಮುಗಿಯುವವರೆಗೆ ನೀರು ಮುಟ್ಟುವ ಹಾಗಿಲ್ಲ. ಒಂದು ಹನಿ ಬಿದ್ದರೂ ವರ್ಷದ ಉಪ್ಪಿನಕಾಯಿಗೆ ಬೂಷ್ಟು. ಆ ಕೆಲಸ ಯಾವಾಗಲೂ ಅಮ್ಮನದು. ಕಣ್ಣಿನ ಆಪರೇಷನ್ ಆಗಿದ್ದರಿಂದ ಆ ವರ್ಷ ಮೊದಲ ಸಲ ಅತ್ತಿಗೆಯ ಪಾಲಿಗೆ ಬಂದಿತ್ತು. ಅವರು ನಡುಮನೆಯಲ್ಲಿ ದೊಡ್ಡ ಬೇಸಿನ್ ಮುಂದೆ ಕೂತಿದ್ದರು. ನಾವೆಲ್ಲ ಜಗಲಿಯಲ್ಲಿ.

“ಇನ್ನೂ ಗೆಸ್ಟೇನೇ ನೀನು? ಪರ್ಮನೆಂಟ್ ಯಾವಾಗ್ ಮಾಡ್ತಾರಂತೆ?” ಎಂದಳು ರೇಖಾ, ಮಾವಿನಹೋಳು ಒರೆಸುತ್ತಾ. ಅವಳಿಗೆ ಆಗಷ್ಟೇ ಸರ್ಕಾರಿ ಕೆಲಸ ಸಿಕ್ಕಿತ್ತು.

“ಗೆಸ್ಟ್ ಅಂದರೆ ಊಟ ಹಾಕಿ ಕಳಿಸ್ತಾರೋ, ಸಂಬಳಾನೂ ಕೊಡ್ತಾರೋ?” ಎಂದರು ಚಿಕ್ಕಮ್ಮ. ಎಲ್ಲರೂ ನಕ್ಕರು. ಅಮ್ಮನೂ ನಕ್ಕರು. ನನಗೆ ಚುರುಕ್ ಎಂದಿತು. ಏನಾದರೂ ಹೇಳಿ ಅವರ ಗಮನ ಬೇರೆ ಕಡೆ ತಿರುಗಿಸಬೇಕಿತ್ತು, ನಾನೂ ಏನೋ ಬಲ್ಲವಳು ಎಂದು ತೋರಿಸಬೇಕಿತ್ತು.

ಇಲ್ಲಿ ನನ್ನ ನೆನಪಿನ ಮೇಲೆ ನನಗೇ ನಂಬಿಕೆಯಿಲ್ಲ. ಕಿಟಕಿಯಲ್ಲಿದ್ದ ಅತ್ತಿಗೆಯ ನೋಟ್‌ಬುಕ್ಕನ್ನು ರೇಖಾ ಎತ್ತಿಕೊಂಡು “ಇದೇನೇ?” ಎಂದಳು, ಓದು ಓದು ಎಂದು ಪೀಡಿಸಿದಳು, ಅದಕ್ಕೇ ಓದಿದೆ ಎಂದು ಬಹಳ ದಿನ ಅಂದುಕೊಂಡಿದ್ದೆ. ಹೋದ ವರ್ಷ ಅವಳನ್ನೇ ಕೇಳಿದೆ. “ಹೋಗೇ, ನಾನೆಲ್ಲಿ ಮುಟ್ಟಿದೆ? ನನ್ನ ಕೈ ತುಂಬ ಮಾವಿನಕಾಯಿ ಸೊನೆ. ನೀನೇ ಒಳಗೆ ಹೋಗಿ ತಂದೆ. ಒಂದು ತಮಾಷೆ ತೋರಿಸ್ತೀನಿ ಬನ್ನಿ ಅಂದೆ” ಎಂದಳು. ಅವಳು ಸುಳ್ಳು ಹೇಳಲು ಕಾರಣವಿಲ್ಲ. ನನಗಿದೆ.

ಅಂತೂ ನಾನು ಓದಿದೆ. ಇಂಗ್ಲಿಷಿನಲ್ಲಿ ಒಂದು ಸಲ, ಅತ್ತಿಗೆ ಉಚ್ಚರಿಸುವ ಧಾಟಿಯಲ್ಲಿ. ಆಮೇಲೆ ಎಲ್ಲರಿಗೂ ತಿಳಿಯುವ ಹಾಗೆ ಅರ್ಥ.

‘ಸೂಪರ್‌ವೈಸರ್ ಬಂದರೆ ಮಕ್ಕಳೆಲ್ಲ ಬರುತ್ತಾರೆ. ಬರದಿದ್ದರೆ ಎದುರು ಮನೆಯ ಮುನ್ನಿ ಒಬ್ಬಳೇ ಬರುತ್ತಾಳೆ.’

‘ನನ್ನ ಗಂಡ ತನ್ನ ಟವಲನ್ನು ತಾನೇ ಹುಡುಕಿಕೊಂಡರೆ ಸೂರ್ಯ ಕೋಲಾರದ ಕಡೆಯಿಂದ ಹುಟ್ಟುತ್ತಾನೆ.’ ಕೋಲಾರ ನಮ್ಮೂರಿಗೆ ಪಶ್ಚಿಮಕ್ಕಿದೆ.

ಚಿಕ್ಕಮ್ಮ ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಈಗ ಅನ್ನಿಸುತ್ತದೆ, ಅವು ನಿಜಕ್ಕೂ ಒಳ್ಳೆಯ ವಾಕ್ಯಗಳು. ನಗಿಸಬೇಕೆಂದೇ ಅತ್ತಿಗೆ ಬರೆದಿದ್ದರು, ನನ್ನನ್ನು. ಆದರೆ ನಾನು ಅವರ ತಮಾಷೆಗೆ ನಗಿಸಲಿಲ್ಲ, ಅವರ ತಪ್ಪುಗಳಿಗೆ ನಗಿಸಿದೆ. ಒಂದೊಂದು ತಪ್ಪಿನ ಹತ್ತಿರವೂ ನಿಂತು, ಒತ್ತಿ, ಮತ್ತೊಮ್ಮೆ ಓದಿದೆ. ಮೂರು, ನಾಲ್ಕನೆಯವು ಏನಿದ್ದವೋ ನೆನಪಿಲ್ಲ. ಐದನೆಯದು ಹೀಗಿತ್ತು: ‘ಬೆಕ್ಕು ಹಾಲು ಕುಡಿದರೆ ನಮ್ಮತ್ತೆ ನನ್ನ ತಲೆ ತಿನ್ನುತ್ತಾರೆ.’ ಇಂಗ್ಲಿಷಿನಲ್ಲೂ ಹಾಗೇ, ತಲೆಯನ್ನು ತಿನ್ನುವುದು ಎಂದೇ ಬರೆದಿದ್ದರು.

ರೇಖಾ ಕಿಟ್ಟನೆ ಕಿರುಚಿದಳು. “ಅಯ್ಯೋ ದೊಡ್ಡಮ್ಮ, ನೀವು ತಲೆ ತಿಂತೀರಂತೆ! ಇಂಗ್ಲಿಷಲ್ಲಿ!”

ಅಮ್ಮ ನಗಲಿಲ್ಲ. ಕಪ್ಪು ಕನ್ನಡಕದ ಹಿಂದೆ ಕಣ್ಣು ಎಲ್ಲಿತ್ತೋ ಗೊತ್ತಾಗಲಿಲ್ಲ. ಒಳಮನೆಯ ಕಡೆ ಮುಖ ಮಾಡಿ ಗಟ್ಟಿಯಾಗಿ ಕೇಳಿದರು: “ಏಮ್ಮಾ ಮಂಜುಳಾ, ನೇನು ನೀ ತಲ ತಿಂಟಾನಾ?” ನಾನು ನಿನ್ನ ತಲೆ ತಿಂತೀನಾ ಎಂದು.

ಅಲ್ಲಿಗೇ ನಿಲ್ಲಿಸಬಹುದಿತ್ತು. ಆರನೆಯದು ಇನ್ನೂ ತಮಾಷೆಯಾಗಿರಬಹುದು ಎಂದು ಕಣ್ಣಾಡಿಸದೆ ಅದೇ ಧಾಟಿಯಲ್ಲಿ ಓದಿಬಿಟ್ಟೆ.

‘ನಾನು ಈ ಮನೆಯ ಮಗಳಾಗಿ ಹುಟ್ಟಿದ್ದರೆ ನನಗೂ ಭಾನುವಾರ ಇರುತ್ತಿತ್ತು.’

ತಪ್ಪೇ ಇರಲಿಲ್ಲ ಅದರಲ್ಲಿ. ಒಂದೂ ಇರಲಿಲ್ಲ. ಅರ್ಥ ಹೇಳಿದೆನೋ ಇಲ್ಲವೋ ನನಗೆ ನೆನಪಿಲ್ಲ. ಹೇಳಿದೆ ಎನ್ನುತ್ತಾಳೆ ರೇಖಾ. ಯಾರೂ ನಗಲಿಲ್ಲ ಎಂಬುದು ನೆನಪಿದೆ.

ತಲೆ ಎತ್ತಿದರೆ ಬಾಗಿಲಲ್ಲಿ ಅತ್ತಿಗೆ. ಎರಡೂ ಕೈ ಮೊಣಕೈವರೆಗೆ ಖಾರ, ಎಣ್ಣೆ. ಮೈಗೆ ತಾಗದ ಹಾಗೆ ಕೈಗಳನ್ನು ದೂರ ಹಿಡಿದುಕೊಂಡಿದ್ದರು. ತೊಳೆದುಕೊಳ್ಳುವ ಹಾಗಿಲ್ಲ, ಏನನ್ನೂ ಮುಟ್ಟುವ ಹಾಗಿಲ್ಲ. ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದರೋ ಗೊತ್ತಿಲ್ಲ. ನನ್ನನ್ನು ನೋಡುತ್ತಿರಲಿಲ್ಲ, ಪುಸ್ತಕವನ್ನು ನೋಡುತ್ತಿದ್ದರು.

ನನ್ನ ಕಣ್ಣು ಮತ್ತೆ ಪುಟದ ಮೇಲೆ ಬಿತ್ತು. ಏಳನೇ ವಾಕ್ಯ ನನ್ನ ಹೆಸರಿನಿಂದ ಶುರುವಾಗಿತ್ತು. ‘ಇಫ್ ಸುಧಾ...’ ಎಂದು ಬಾಯಿಯಿಂದ ಬಂದೂಬಿಟ್ಟಿತು.

“ಹ್ಞೂಂ, ಮುಂದೆ? ನಿನ್ನ ಬಗ್ಗೆ ಏನು ಬರೆದಿದ್ದಾರೆ?” ಎಂದರು ಚಿಕ್ಕಮ್ಮ.

ಅತ್ತಿಗೆ ಎರಡು ಹೆಜ್ಜೆ ಮುಂದೆ ಬಂದರು. “ಕೊಡೇ ಇಲ್ಲಿ” ಎಂದು ಆ ಖಾರದ ಕೈಯಲ್ಲೇ ನೋಟ್‌ಬುಕ್ ತೆಗೆದುಕೊಂಡರು. ಹಾಳೆಯ ಮೇಲೆ ಕೆಂಪು ಎಣ್ಣೆ ಹರಡಿದ್ದು ಕಂಡಿತು. ಆಮೇಲೆ ಅವರು ನಕ್ಕರು. “ನಾನು ಬರೆದಿದ್ದನ್ನ ಓದಿ ನೀವೆಲ್ಲ ಇಷ್ಟು ನಗ್ತೀರ ಅಂದರೆ, ಪರೀಕ್ಷೆ ಪೇಪರ್ ತಿದ್ದೋರು ಎಷ್ಟು ನಕ್ಕಿರ್ತಾರೋ ಪಾಪ!” ಎಂದರು. ಎಲ್ಲರೂ ಮತ್ತೆ ನಕ್ಕರು, ಹಗುರಾದವರ ಹಾಗೆ. ನಾನೂ ನಕ್ಕೆ. ಅತ್ತಿಗೆ ಒಳಗೆ ಹೋಗಿ ಉಳಿದದ್ದನ್ನು ಕಲಸಿ ಮುಗಿಸಿದರು. ಆ ವರ್ಷದ ಉಪ್ಪಿನಕಾಯಿ ಬಹಳ ಚೆನ್ನಾಗಿ ಬಂತು, ಬೂಷ್ಟು ಬರಲಿಲ್ಲ.

ಮುಂದಿನ ಭಾನುವಾರ ನಾನು ಪುಸ್ತಕ ಹಿಡಿದು ಕೂತೆ. ಅಮ್ಮ ಜಗಲಿಯಿಂದಲೇ ತೆಲುಗಿನಲ್ಲಿ ಕೂಗಿದರು: “ತಲೆ ತಿನ್ನೋಳಿಗೆ ಒಂದು ಲೋಟ ಕಾಫಿ ಸಿಗುತ್ತೇನಮ್ಮಾ, ನಿಮ್ಮ ಇಂಗ್ಲಿಷ್ ಮುಗಿದ ಮೇಲೆ?” ಅತ್ತಿಗೆ ಎದ್ದು ಹೋದರು. ಕಾಫಿಯಾದ ಮೇಲೆ ಅಕ್ಕಿ ಆರಿಸುವುದಿತ್ತು. ಅದರ ಮುಂದಿನ ವಾರ ಬೇರೆ ಕೆಲಸವಿತ್ತು. ಅಮ್ಮ ಕೆಟ್ಟವರಲ್ಲ. ನಾನು ಓದದೇ ಹೋಗಿದ್ದರೆ ಅವರಿಗೆ ಆ ವಾಕ್ಯ ಗೊತ್ತಾಗುವ ಸಂಭವವೇ ಇರಲಿಲ್ಲ.

ಪರೀಕ್ಷೆಯ ಕೇಂದ್ರ ಕೋಲಾರದಲ್ಲಿತ್ತು. ಹಿಂದಿನ ದಿನವೇ ಬಂದು ನನ್ನ ರೂಮಿನಲ್ಲಿ ಉಳಿಯುವುದು ಎಂದು ಮೊದಲೇ ಮಾತಾಗಿತ್ತು. ಬರಲಿಲ್ಲ. ಬೆಳಗ್ಗೆ ನಾನು ಕೇಂದ್ರದ ಗೇಟಿನ ಹತ್ತಿರ ಹೋಗಿ ನಿಂತೆ. ಬೆಲ್ಲು ಹೊಡೆದು, ಗೇಟು ಹಾಕಿದ ಮೇಲೆ ಫೋನ್ ಮಾಡಿದೆ.

“ಇವತ್ತು ಮಕ್ಕಳ ತೂಕ ನೋಡೋ ದಿನ ಕಣೇ. ಬಿಟ್ಟು ಬರೋಕಾಗಲಿಲ್ಲ” ಎಂದರು. ಹಿಂದೆ ಮಕ್ಕಳ ಗಲಾಟೆ ಕೇಳಿಸುತ್ತಿತ್ತು. ಒಂದು ದಿನದ ರಜೆ ಕೇಳಿದ್ದರೆ ಕೊಡುತ್ತಿದ್ದರು. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. “ಊಟ ಮಾಡಿದೆಯಾ?” ಎಂದು ಕೇಳಿ ಫೋನ್ ಇಟ್ಟರು.

ಈಗ ಅವರ ಅಂಗನವಾಡಿಗೆ ಸೂಪರ್‌ವೈಸರ್ ಆಗಿ ಬರುವವಳು ಅವರಿಗಿಂತ ಹತ್ತು ವರ್ಷ ಚಿಕ್ಕವಳು. “ಒಳ್ಳೇ ಹುಡುಗಿ, ಮರ್ಯಾದೆ ಕೊಟ್ಟು ಮಾತಾಡಿಸ್ತಾಳೆ” ಎನ್ನುತ್ತಾರೆ ಅತ್ತಿಗೆ. ನನ್ನ ಮೇಲೆ ಒಂದು ಮಾತೂ ಆಡಿಲ್ಲ. ಬೈದಿದ್ದರೆ ಕ್ಷಮೆ ಕೇಳಲು ಒಂದು ದಾರಿ ಸಿಗುತ್ತಿತ್ತು. ನಾನಾಗಿಯೇ ಎರಡು ಸಲ ಕೇಳಲು ಹೋದೆ. “ಅದೆಲ್ಲ ಯಾರು ನೆನಪಿಟ್ಕೊಂಡಿರ್ತಾರೆ, ಬಿಡು” ಎಂದರು. ಇಂಗ್ಲಿಷಿನ ಮಾತು ಮಾತ್ರ ಆಮೇಲೆ ನಮ್ಮಿಬ್ಬರ ನಡುವೆ ಬಂದಿಲ್ಲ. ತರಗತಿಯಲ್ಲಿ ಯಾರಾದರೂ ವಿದ್ಯಾರ್ಥಿ ಬೋರ್ಡಿನ ಮೇಲೆ ತಪ್ಪು ಬರೆದು, ಹಿಂದಿನ ಬೆಂಚಿನಿಂದ ನಗು ಬಂದಾಗ ನನಗೆ ಯಾರನ್ನೂ ಗದರಿಸುವ ಧೈರ್ಯವಾಗುವುದಿಲ್ಲ. ಡಸ್ಟರ್ ತೆಗೆದುಕೊಂಡು ಬೋರ್ಡಿನ ಕಡೆ ತಿರುಗಿಬಿಡುತ್ತೇನೆ.

ಆ ಏಳನೇ ವಾಕ್ಯ ಕೃತಜ್ಞತೆಯದೋ, ದೂರಿನದೋ ನನಗೆ ಗೊತ್ತಿಲ್ಲ. ಒಂದೊಂದು ದಿನ ಅಲ್ಲಿ ನನ್ನ ಹೆಸರೇ ಇರಲಿಲ್ಲ, ತಪ್ಪಿತಸ್ಥ ಮನಸ್ಸು ಆಮೇಲೆ ಸೇರಿಸಿಕೊಂಡಿತು ಎಂದೂ ಅನುಮಾನವಾಗುತ್ತದೆ. ಆದರೆ ‘ನಿನ್ನ ಬಗ್ಗೆ ಏನು ಬರೆದಿದ್ದಾರೆ’ ಎಂದು ಚಿಕ್ಕಮ್ಮ ಕೇಳಿದ್ದು ರೇಖಾಗೂ ನೆನಪಿದೆ.

ಈ ಬೇಸಿಗೆಯಲ್ಲಿ ನಾನು ಊರಿಗೆ ಹೋದಾಗ ಅತ್ತಿಗೆ ನನ್ನ ಪಾಲಿನ ಜಾಡಿಯ ಬಾಯಿಗೆ ಬಿಳಿ ಬಟ್ಟೆ ಕಟ್ಟುತ್ತಿದ್ದರು. ನಡುಮನೆಯಲ್ಲಿ ನಾವಿಬ್ಬರೇ ಇದ್ದೆವು. ಅವರು ದಾರದ ಒಂದು ತುದಿಯನ್ನು ಹಿಡಿದುಕೊಳ್ಳಲು ನನಗೆ ಕೊಟ್ಟರು. ಹಿಡಿದುಕೊಂಡು, ಇಷ್ಟು ವರ್ಷ ಬಾಯಿಗೆ ಬಾರದ್ದನ್ನು ಕೇಳಿಬಿಟ್ಟೆ. ಅವರು ತಲೆ ಎತ್ತಲಿಲ್ಲ, ಗಂಟು ಹಾಕಿದರು, ಹಲ್ಲಿನಿಂದ ದಾರ ಕಡಿದರು, ಜಾಡಿಯನ್ನು ನನ್ನ ಚೀಲದಲ್ಲಿ ನೆಟ್ಟಗೆ ನಿಲ್ಲಿಸಿದರು. ಅದಾಗಿ ತಿಂಗಳುಗಳೇ ಕಳೆದಿವೆ, ಇವತ್ತಿನವರೆಗೂ ಉತ್ತರ ಹೇಳಿಲ್ಲ. ನಾನು ಕೇಳಿದ್ದು ಇಷ್ಟೇ:

“ಅತ್ತಿಗೆ, ಆವತ್ತು ನನ್ನ ಹೆಸರಿನ ಮುಂದೆ ಏನು ಬರೆದಿದ್ದಿರಿ?”