ಉದ್ದ ಸೀಟಿನ ಕಾರು

ಹೋದ ವರ್ಷ ದಸರಾಕ್ಕೆ ಮುಂಚೆ ನಡೆದ ಸಂಗತಿ. ರಾಣೆಬೆನ್ನೂರಿನಲ್ಲಿ ನಮ್ಮದೊಂದು ಸಣ್ಣ ಅಂಗಡಿ ಇದೆ. ಕಾರು, ಬಸ್ಸುಗಳ ಸೀಟು ಹೊಲಿಯುತ್ತೇವೆ. ‘ಹೊಲಿಯುತ್ತೇವೆ’ ಅನ್ನುವುದು ಹಳೇ ರೂಢಿ. ಯಜಮಾನರು ತೀರಿಕೊಂಡು ನಾಲ್ಕು ವರ್ಷವಾಯಿತು, ಈಗ ಹೊಲಿಯುವವಳು ನಾನೊಬ್ಬಳೇ.

ಪಕ್ಕದ ಗ್ಯಾರೇಜಿನ ಫಕೀರಪ್ಪಣ್ಣನ ಬಳಿಗೆ ಬ್ಯಾಡಗಿಯಿಂದ ಒಂದು ಹಳೆಯ ವಿದೇಶಿ ಕಾರು ಬಂತು. ಮೆಣಸಿನಕಾಯಿ ವ್ಯಾಪಾರದ ಮನೆತನದ ಚನ್ನಬಸಪ್ಪನವರದು, ಅವರ ತಂದೆಯ ಕಾಲದ್ದು. ಓಣಿಯವರೆಲ್ಲ ಬಂದು ಮುಟ್ಟಿ ಮುಟ್ಟಿ ನೋಡಿ ಹೋದರು.

“ನಮ್ಮ ಮನಿಯವ್ರಿಗೆ ಟೊಂಕನೋವು. ತವರುಮನಿ ಐರಣಿಗೆ ಹೋಗಿಬರಾಕ ಆರಾಮ ಆಗ್ಬೇಕು. ಹೊರಗಿನ ರೂಪ ಹಂಗ ಇರ್ಲಿ, ಒಳಗ ಎಲ್ಲಾ ಹೊಸಾದು ಹಾಕ್ರಿ,” ಎಂದರು ಚನ್ನಬಸಪ್ಪನವರು.

ಫಕೀರಪ್ಪಣ್ಣ ಹಳೆಯ ಎಂಜಿನ್ ತೆಗೆದು ಹೊಸದು ಕೂರಿಸಿದ. ಪವರ್ ಸ್ಟೀರಿಂಗ್, ಹೊಸ ಬ್ರೇಕು, ಎ.ಸಿ. ಎಲ್ಲ ಬಂತು. ಸ್ಟೀರಿಂಗ್ ಪಕ್ಕದಲ್ಲಿದ್ದ ಗೇರು ಹೋಗಿ, ಆಟೋಮ್ಯಾಟಿಕ್ ಗೇರು ಮುಂದೆ ಕೂರುವ ಇಬ್ಬರ ನಡುವೆ ಎದ್ದು ನಿಂತಿತು.

ಸೀಟಿನ ಕೆಲಸ ನನ್ನದು. ಮುಂದೆ ಮಂಚದಂಥ ಒಂದೇ ಉದ್ದ ಸೀಟಿತ್ತು. ಅದನ್ನು ಬಿಚ್ಚಿದಾಗ ಒಳಗಿನ ನಾರಿನಲ್ಲಿ ಕೂತಿದ್ದ ಮೆಣಸಿನಕಾಯಿ ಘಾಟಿಗೆ ಸೀನಿ ಸೀನಿ ಸಾಕಾಯಿತು. ಆಗೊಂದು ವಿಚಿತ್ರ ಕಂಡೆ. ಗಾಡಿ ಓಡಿಸುವವರ ಜಾಗದ ಸ್ಪ್ರಿಂಗು ಕುಸಿದಿತ್ತು, ಅದು ಸಹಜ. ಆದರೆ ಅದಕ್ಕೆ ತಾಗಿದ ನಡುವಿನ ಜಾಗವೂ ಅಷ್ಟೇ ಕುಸಿದಿತ್ತು. ಎಡಬಾಗಿಲ ಬಳಿ ಮಾತ್ರ ಹೊಸದರಂತೆ ಗಟ್ಟಿ. ಮಕ್ಕಳು ಕುಣಿದಿರಬೇಕು ಅಂದುಕೊಂಡೆ. ಯಾರನ್ನೂ ಕೇಳದೆ ಎರಡು ಬೇರೆ ಬೇರೆ ಸೀಟು ಮಾಡಿ, ನಡುವೆ ಮೊಣಕೈ ಊರಲು ಒಂದು ಪೆಟ್ಟಿಗೆ ಕೂರಿಸಿದೆ. ನನ್ನ ಕೆಲಸಕ್ಕೆ ನಾನೇ ಮರುಳಾದೆ ಅನ್ನಿ.

ಗಾಡಿ ಒಯ್ಯಲು ದಂಪತಿ ಬಂದರು. ಚನ್ನಬಸಪ್ಪನವರು ಫಕೀರಪ್ಪಣ್ಣನ ಜೊತೆ ಎಂಜಿನ್ ನೋಡುತ್ತ ನಿಂತರು. ಅವರ ಹೆಂಡತಿ ಗಂಗವ್ವನವರು ಮುಂದಿನ ಎಡಸೀಟಿನಲ್ಲಿ ಕೂತು ನೋಡಿದರು. ಬಲಗೈ ಚಾಚಿದರು. ಪೆಟ್ಟಿಗೆಗೆ ತಾಗಿದ್ದೇ ಕೈ ಹಿಂದಕ್ಕೆ ಎಳೆದುಕೊಂಡರು.

“ಯಾಕ್ರಿ ಅವ್ವಾರ, ಚುಚ್ಚತೈತೇನ್ರಿ?” ಎಂದೆ.

“ಇಲ್ಲ ತಂಗಿ, ಭಾಳ ಚಲೋ ಮಾಡೀದಿ,” ಎಂದವರು ದನಿ ತಗ್ಗಿಸಿದರು. “ನಮ್ಮದು ತುಂಬಿದ ಮನಿ. ಅತ್ತಿ-ಮಾವನ ಮುಂದ ಇವರ ಕೂಡ ಮಾತಾಡಂಗಿರಲಿಲ್ಲ, ಮಗ್ಗಲಿಗೆ ಕುಂದ್ರೂದಂತೂ ದೂರ. ಐರಣಿಗೆ ಹೊಂಟಾಗ ಹಿಂದ ಸೆರಗು ಹೊತ್ತು ಕುಂದರ್ತಿದ್ದೆ. ಮೋಟೆಬೆನ್ನೂರು ದಾಟಿದ ಮ್ಯಾಲೆ ಇವರು ಗಾಡಿ ನಿಂದರಸ್ತಿದ್ರು. ನಾ ಇಳದು ಮುಂದ ಬರ್ತಿದ್ದೆ, ನಡುವ, ಇವರ ಮಗ್ಗಲಿಗೇ. ವಾಪಸ್ ಬರುವಾಗ ಅಲ್ಲೇ ಮತ್ತ ಹಿಂದ.”

ಹೊಸ ಹೊಲಿಗೆಯನ್ನು ಒಮ್ಮೆ ಸವರಿ, “ಇರ್ಲಿ ಬಿಡು. ಈಗೇನು, ವಯಸ್ಸಾತು,” ಎಂದರು.

ಕುಸಿದ ಸ್ಪ್ರಿಂಗು ಆಗ ನೆನಪಾಯಿತು. ಅವರ ಇಷ್ಟು ವರ್ಷದ ಜಾಗದಲ್ಲಿ ನಾನು ಪೆಟ್ಟಿಗೆ ಇಟ್ಟಿದ್ದೆ. ಹೊರಗೆ ಬಂದು ಚನ್ನಬಸಪ್ಪನವರಿಗೆ, “ಸೀಟಿನ್ಯಾಗ ನನ್ನದೊಂದು ತಪ್ಪಾಗೇತ್ರಿ. ಇನ್ನೊಂದು ಹತ್ತು ದಿನ ಬಿಟ್ಟು ಹೋಗ್ರಿ,” ಎಂದೆ.

ಅವರು ಹೋದ ಮೇಲೆ, ಮತ್ತೆ ಉದ್ದ ಸೀಟು ಹಾಕೋಣ ಎಂದಾಗ ಫಕೀರಪ್ಪಣ್ಣ ಕೆಂಡವಾದ. “ಮತ್ತ ಗೇರು ಎಲ್ಲಿ ಇಡ್ಲಿ, ನಿನ್ನ ತಲಿ ಮ್ಯಾಲೆ?”

“ಮೊದಲ ಎಲ್ಲಿತ್ತೋ ಅಲ್ಲೇ ಇಡಣ್ಣಾ,” ಎಂದು ವಿಷಯ ಹೇಳಿದೆ. ಅವನು ಬೈಯುತ್ತಲೇ ಕೇಬಲ್ ಎಳೆದು ಗೇರನ್ನು ಸ್ಟೀರಿಂಗ್ ಬಳಿಗೆ ತಂದ. ನಾನು ಉದ್ದ ಸೀಟು ಹೊಲಿದೆ. ನಡುವಿನ ಜಾಗದಲ್ಲೂ ಸೊಂಟಕ್ಕೆ ಆನಿಕೆಯಾಗಿ ದಿಂಬು ಕೊಟ್ಟು ಬೆಲ್ಟು ಹಾಕಿದೆ.

ಎರಡನೇ ಸಲ ಬಂದವರು ಇಲ್ಲಿಂದಲೇ ಐರಣಿಗೆ ಹೊರಟಿದ್ದರು. ಗಂಗವ್ವನವರು ಮುಂದಿನ ಸೀಟನ್ನು ಕಣ್ತುಂಬ ನೋಡಿ ನನ್ನ ಕೈ ಒತ್ತಿದರು. ಆಮೇಲೆ ಹಿಂದಿನ ಬಾಗಿಲು ತೆಗೆದು ಹಿಂದೆಯೇ ಕೂತುಬಿಟ್ಟರು. ನನಗೆ ಪಿಚ್ಚೆನಿಸಿತು. ಇಷ್ಟೆಲ್ಲ ಯಾರಿಗಾಗಿ ಮಾಡಿದ್ದು?

ಗಾಡಿ ಸದ್ದಿಲ್ಲದೆ ಹೊರಟಿತು. ದೂರದ ಬೇವಿನ ಮರದ ಕೆಳಗೆ ಇಂಡಿಕೇಟರ್ ಹಾಕಿ ನಿಂತಿತು. ಗಂಗವ್ವನವರು ಇಳಿದರು. ಅತ್ತಿತ್ತ ನೋಡಿದರು. ಅತ್ತೆ-ಮಾವ ಹೋಗಿ ಎಷ್ಟೋ ವರ್ಷವಾಗಿದೆ, ನೋಡುವವರಾದರೂ ಯಾರು? ಆದರೂ ಸೆರಗು ಸರಿಮಾಡಿಕೊಂಡು ಮುಂದೆ ಹತ್ತಿದರು. ಹಿಂದಿನ ಗಾಜಿನಲ್ಲಿ ಎರಡು ತಲೆಗಳು ಹತ್ತಿರ ಹತ್ತಿರ ಕಂಡವು.

ಫಕೀರಪ್ಪಣ್ಣ ನಕ್ಕ, ನಾನೂ ನಕ್ಕೆ. ಒಳಗೆ ಬಂದವಳೇ ಯಜಮಾನರ ಮಷೀನಿನ ಮುಂದೆ ಕೂತು ಅತ್ತುಬಿಟ್ಟೆ.

ಈಗ ಯಾರೇ ಹಳೆಯ ಸೀಟು ತಂದರೂ ಕತ್ತರಿ ಹಾಕುವ ಮುಂಚೆ ಅಂಗೈಯಿಂದ ಒತ್ತಿ, ಎಲ್ಲೆಲ್ಲಿ ಕುಸಿದಿದೆ ಎಂದು ನೋಡುತ್ತೇನೆ. ಆಗೆಲ್ಲ ಯಜಮಾನರ ನೆನಪು. ಹತ್ತೊಂಬತ್ತು ವರ್ಷ ಒಂದೇ ಅಂಗಡಿಯಲ್ಲಿ ದುಡಿದೆವು, ಅವರು ಆ ಗೋಡೆಗೆ ಮುಖ ಮಾಡಿ, ನಾನು ಈ ಗೋಡೆಗೆ. ಊರವರ ಸೀಟೆಲ್ಲ ಹೊಲಿದೆವು, ಒಂದು ದಿನವೂ ಅದರ ಮೇಲೆ ಜೊತೆಯಾಗಿ ಕೂತು ನೋಡಲಿಲ್ಲ. ಬೇಡ ಅನ್ನಲು ನಮಗೆ ಅತ್ತೆ-ಮಾವ ಕೂಡ ಇರಲಿಲ್ಲ.